ಕೊಡಗಿನ ಮನೆಯಲ್ಲಿ ಮೇಪಲ್ ಬೀಜ ಮೊಳೆಸುವ ಕ್ರಮ

ಮೇಪಲ್ ಬೀಜವನ್ನು ಕಾಫಿ ಬೀಜದಂತೆ ನೇರವಾಗಿ ಮಡಿಗೆ ಹಾಕಿ, ಮೇಲೆ ಹುಲ್ಲು ಹೊದಿಸಿ, ದಿನವೂ ನೀರು ಚಿಮುಕಿಸಿದರೆ ಸಾಮಾನ್ಯವಾಗಿ ಒಂದು ಮೊಳಕೆಯೂ ಕಾಣಿಸಿಕೊಳ್ಳುವುದಿಲ್ಲ. ಕಾಫಿ ಬೀಜ ಸುಮಾರು 45 ದಿನಗಳಲ್ಲಿ ತಲೆ ಎತ್ತುತ್ತದೆ. ಮೇಪಲ್ ಬೀಜವಾದರೋ ಅದೇ ಮಣ್ಣಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಮುಂಗಾರು ಹಿಡಿದ ಮೇಲೆ ಕೊಳೆತುಹೋಗುತ್ತದೆ. ನಾನು ಮೊದಲ ವರ್ಷ ಮಾಡಿದ್ದು ಇದನ್ನೇ. ಡಿಸೆಂಬರಿನಲ್ಲಿ ಬಿತ್ತಿದ ಬೀಜಗಳನ್ನು ಜುಲೈನಲ್ಲಿ ಕೆದಕಿ ನೋಡಿದಾಗ ಸಿಕ್ಕಿದ್ದು ಕಪ್ಪಾದ ಸಿಪ್ಪೆ ಮಾತ್ರ. ಬೀಜದಲ್ಲಿ ಜೀವವಿತ್ತು, ಮಣ್ಣೂ ಒಳ್ಳೆಯದಿತ್ತು. ಅದು ಕಾಯುತ್ತಿದ್ದ ಚಳಿಗಾಲ ಮಾತ್ರ ನಮ್ಮ ಊರಿಗೆ ಬರಲೇ ಇಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಪಲ್ ಮರಗಳು ಹೆಚ್ಚಾಗಿ ಬೆಳೆಯುವುದು ಉತ್ತರ ಅಮೆರಿಕ, ಯುರೋಪ್, ಚೀನಾ, ಜಪಾನ್ ಮತ್ತು ಹಿಮಾಲಯದ ತಂಪು ಪ್ರದೇಶಗಳಲ್ಲಿ. ಅಲ್ಲಿ ಹೆಚ್ಚಿನ ಜಾತಿಗಳ ಬೀಜ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಲಿತು ಉದುರುತ್ತದೆ. ಉದುರಿದ ಕೂಡಲೇ ಮೊಳೆತರೆ ಎಳೆಯ ಸಸಿ ಹಿಮಕ್ಕೆ ಸಿಕ್ಕಿ ಸಾಯುವುದರಿಂದ, ಬೀಜದೊಳಗೆ ಅಬ್ಸಿಸಿಕ್ ಆಮ್ಲವೆಂಬ ತಡೆಯ ರಾಸಾಯನಿಕ ಇದ್ದು ಅದನ್ನು ಸುಪ್ತಾವಸ್ಥೆಯಲ್ಲಿ ಇರಿಸುತ್ತದೆ. ಹಲವು ವಾರಗಳ ಕಾಲ ತೇವವೂ ಚಳಿಯೂ ಒಟ್ಟಿಗೆ ದೊರೆತಾಗ ಈ ತಡೆ ಕ್ರಮೇಣ ಕರಗಿ, ಬೆಳವಣಿಗೆಯ ಹಾರ್ಮೋನುಗಳು ಮೇಲುಗೈ ಪಡೆಯುತ್ತವೆ. ಬೇಕಾದ ಚಳಿ 1ರಿಂದ 5 ಡಿಗ್ರಿ ಸೆಲ್ಸಿಯಸ್. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಕೂಡ ಜನವರಿಯ ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ನಮಗೆ ಅದು ನಡುಗಿಸುವ ಚಳಿ. ಮೇಪಲ್ ಬೀಜದ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. ಆದ್ದರಿಂದ ಕೊಡಗಿನಲ್ಲಿ ಈ ಬೀಜವನ್ನು ಮೊಳೆಸುವವರು ಮೊದಲು ಫ್ರಿಜ್ಜಿನಲ್ಲಿ ಅದಕ್ಕೊಂದು ಚಳಿಗಾಲವನ್ನು ಕಟ್ಟಿಕೊಡಬೇಕು, ಆಮೇಲೆ ಹುಟ್ಟಿದ ಸಸಿಯನ್ನು ನಮ್ಮ ಮಳೆಗಾಲದಿಂದ ಕಾಪಾಡಬೇಕು. ಉಳಿದ ಕೆಲಸವೆಲ್ಲ ಈ ಎರಡರ ನಡುವೆ ಕೂಡಿಕೊಳ್ಳುತ್ತದೆ.

ಕಾಲವನ್ನು ಮೊದಲು ಗೊತ್ತುಮಾಡಿಕೊಳ್ಳುವುದು

ಯಾವ ತಿಂಗಳಲ್ಲಿ ಆರಂಭಿಸಬೇಕೆಂಬುದನ್ನು ಬೀಜ ಕೈಗೆ ಬರುವ ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮಲ್ಲಿ ಮೇಪಲ್ ಕೈಕೊಡುವುದು ಹೆಚ್ಚಾಗಿ ಕಾಲ ತಪ್ಪಿದ್ದರಿಂದಲೇ. ನನ್ನ ಅನುಭವದಲ್ಲಿ ಅತ್ಯಂತ ಅನುಕೂಲವಾದ ಕ್ರಮವೆಂದರೆ, ತುಲಾ ಸಂಕ್ರಮಣ ಮುಗಿದ ವಾರದಲ್ಲಿ, ಅಂದರೆ ಅಕ್ಟೋಬರ್ 20ರ ಸುಮಾರಿಗೆ, ಬೀಜವನ್ನು ಫ್ರಿಜ್ಜಿಗೆ ಇಡುವುದು. ಆಗ 90 ದಿನಗಳ ಚಳಿ ಜನವರಿಯ ಮೂರನೆಯ ವಾರಕ್ಕೆ ಮುಗಿಯುತ್ತದೆ. ಹೊರಗೆ ರಾತ್ರಿ ತಂಪು, ಹಗಲು ಹಿತವಾದ ಬಿಸಿಲು ಇರುವ ಆ ದಿನಗಳು ಎಳೆಯ ಸಸಿಗೆ ಹೇಳಿ ಮಾಡಿಸಿದಂತಿರುತ್ತವೆ. ಫೆಬ್ರವರಿಯಲ್ಲಿ ಮಣ್ಣಿನಿಂದ ಮೇಲೆದ್ದ ಸಸಿಗೆ ಜೂನ್ ಮೊದಲ ವಾರದೊಳಗೆ ನಾಲ್ಕು ತಿಂಗಳ ಬೆಳವಣಿಗೆ ದೊರೆತು, ಕಾಂಡ ಸ್ವಲ್ಪ ಗಟ್ಟಿಯಾಗಿರುತ್ತದೆ. ಗಟ್ಟಿಯಾಗದ ಸಸಿ ಮುಂಗಾರನ್ನು ದಾಟುವುದು ಕಷ್ಟ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಜೂನ್‌ನಿಂದ ಆಗಸ್ಟ್‌ವರೆಗೆ, ವಿಶೇಷವಾಗಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳ ಮಳೆಯಲ್ಲಿ, ಮರ ಬಿದ್ದು ತಂತಿ ಹರಿದರೆ ನಮ್ಮ ಹಳ್ಳಿಗಳಲ್ಲಿ ಎರಡು ಮೂರು ದಿನ ವಿದ್ಯುತ್ ಇಲ್ಲದಿರುವುದು ಹೊಸತಲ್ಲ. ಎರಡನೆಯ ವರ್ಷ ನಾನು ಮೇ ತಿಂಗಳಲ್ಲಿ ಬೀಜ ಇಟ್ಟು, ಜುಲೈನಲ್ಲಿ ಫ್ರಿಜ್ ಮೂರು ದಿನ ನಿಂತುಹೋಗಿ, ಚೀಲದೊಳಗೆ ಬೂಷ್ಟು ಹಬ್ಬಿ, ಅರ್ಧಕ್ಕಿಂತ ಹೆಚ್ಚು ಬೀಜ ಕಳೆದುಕೊಂಡೆ. ಅಕ್ಟೋಬರ್‌ನಿಂದ ಜನವರಿಯ ಅವಧಿಯಲ್ಲಿ ಈ ಅಪಾಯ ಬಹಳ ಕಡಿಮೆ. ವಿದ್ಯುತ್ ಹೋದರೆ ಫ್ರಿಜ್ಜಿನ ಬಾಗಿಲನ್ನು ತೆರೆಯದಿರುವುದೇ ಮೊದಲ ಉಪಾಯ. ಒಂದು ದಿನದೊಳಗೆ ಬಂದರೆ ಬೀಜಕ್ಕೆ ಏನೂ ಆಗುವುದಿಲ್ಲ.

ಬೀಜ ಮತ್ತು ಅದರ ಗುರುತು

ಮೇಪಲ್ ಕಾಯಿಗೆ ಎರಡು ರೆಕ್ಕೆಗಳಿರುತ್ತವೆ. ಎರಡು ಬೀಜಗಳು ಬುಡದಲ್ಲಿ ಜೋಡಿಕೊಂಡು, ಪ್ರತಿಯೊಂದಕ್ಕೂ ಕಾಗದದಂಥ ಒಂದು ರೆಕ್ಕೆ ಇದ್ದು, ಬಲಿತ ಮೇಲೆ ಬೇರ್ಪಟ್ಟು ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಇಳಿಯುತ್ತವೆ. ನಮ್ಮ ಕಾಡಿನ ಹೊನ್ನೆಗೆ ಬೀಜದ ಸುತ್ತಲೂ ಬಿಲ್ಲೆಯಂಥ ರೆಕ್ಕೆ, ಮತ್ತಿಗೆ ಐದು ಏಣಿನ ರೆಕ್ಕೆ, ಕಿರಾಲ್ಬೋಗಿಗೆ ಎರಡು ಉದ್ದನೆಯ ರೆಕ್ಕೆ ಇರುವುದನ್ನು ಕಂಡವರಿಗೆ ಮೇಪಲ್ ಕಾಯಿಯೇನೂ ಅಪರಿಚಿತವೆನಿಸದು.

ಬೀಜ ಕೊಳ್ಳುವಾಗ ಎಚ್ಚರ ಬೇಕಾದ ವಿಷಯಗಳು ಎರಡು. ಒಂದು, ಕಾಶ್ಮೀರದ ಚಿನಾರ್ ಮೇಪಲ್ ಅಲ್ಲ. ಎಲೆಯ ಆಕಾರ ಹೋಲುವುದರಿಂದ ಎಷ್ಟೋ ಜನ ಅದನ್ನು ಮೇಪಲ್ ಎಂದೇ ನಂಬಿದ್ದಾರೆ, ಮಾರುವವರೂ ಹಾಗೆಯೇ ಮಾರುತ್ತಾರೆ. ಚಿನಾರ್ ಕಾಯಿ ತೊಟ್ಟಿನಿಂದ ನೇತಾಡುವ ಗುಂಡನೆಯ ಚೆಂಡು, ಒಳಗೆ ರೋಮವಿರುವ ಸಣ್ಣ ಬೀಜಗಳು. ಮೇಪಲ್ ಕಾಯಿಗೆ ಜೋಡಿ ರೆಕ್ಕೆ. ಚಿನಾರ್‌ನ ಎಲೆ ಕೊಂಬೆಯ ಮೇಲೆ ಒಂದು ಆ ಕಡೆ, ಒಂದು ಈ ಕಡೆ ಬರುತ್ತದೆ. ಮೇಪಲ್ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಎರಡು, ನೀಲಿ ಎಲೆಯ ಚಿತ್ರ ಅಂಟಿಸಿದ ಬೀಜದ ಪೊಟ್ಟಣಗಳನ್ನು ನಂಬಬಾರದು. ನೀಲಿ ಎಲೆಯ ಮೇಪಲ್ ಎಂಬುದು ಲೋಕದಲ್ಲಿ ಇಲ್ಲ. ಆಸೆಯಿಂದ ಹಣ ಕೊಟ್ಟು ತಿಂಗಳುಗಟ್ಟಲೆ ಕಾದು ನಿರಾಶರಾದ ಮಕ್ಕಳನ್ನು ಕಂಡಿದ್ದೇನೆ, ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊರದೇಶದಲ್ಲಿರುವ ನೆಂಟರು ಕೋಟಿನ ಜೇಬಿನಲ್ಲಿ ಹಾಕಿಕೊಂಡು ತರುವ ಬೀಜ ಕಾನೂನುಬದ್ಧವಲ್ಲ. 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ, ಬಿತ್ತನೆಗಾಗಿ ತರುವ ಬೀಜಕ್ಕೆ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಕಾಫಿ, ಕರಿಮೆಣಸು, ಏಲಕ್ಕಿಯನ್ನು ನೆಚ್ಚಿ ಬದುಕುವ ಜಿಲ್ಲೆಯವರು ಹೊಸ ರೋಗವೊಂದು ಬೀಜದೊಡನೆ ಬರುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೇಶದೊಳಗಿನ ಹಿಮಾಲಯದ ಬೀಜಕ್ಕೆ ಈ ತೊಡಕು ಇಲ್ಲ. ನನಗೆ ಬೀಜ ದೊರೆತದ್ದು ಸೇನೆಯಲ್ಲಿದ್ದು ರಾಣಿಖೇತ್‌ನಲ್ಲಿ ನಿಯುಕ್ತನಾಗಿದ್ದ ಅಣ್ಣನ ಮಗನಿಂದ. ಕೊಡಗಿನಲ್ಲಿ ಸೇನೆಗೆ ಸೇರಿದವರಿಲ್ಲದ ಕುಟುಂಬ ಕಡಿಮೆಯಾದ್ದರಿಂದ, ಉತ್ತರಾಖಂಡ, ಹಿಮಾಚಲ ಅಥವಾ ಸಿಕ್ಕಿಮ್ ಕಡೆಯಿಂದ ಒಂದು ಹಿಡಿ ಬೀಜ ತರಿಸಿಕೊಳ್ಳುವುದು ನಮ್ಮವರಿಗೆ ಅಸಾಧ್ಯವೇನಲ್ಲ.

ಯಾವ ಜಾತಿ ಎಂಬುದರ ಮೇಲೆ ಕ್ರಮ ಬದಲಾಗುತ್ತದೆ. ಕೆನಡಾದ ಧ್ವಜದ ಎಲೆಯೊಂದಿಗೆ ನಮ್ಮ ಮನಸ್ಸಿನಲ್ಲಿ ಬೆಸೆದುಕೊಂಡಿರುವ ಶುಗರ್ ಮೇಪಲ್‌ಗೆ 60ರಿಂದ 90 ದಿನಗಳ ಚಳಿ ಬೇಕು. ಅದು ಹೆಪ್ಪುಗಟ್ಟುವ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಮೇಲೆಯೇ, ಅಂದರೆ ಫ್ರಿಜ್ಜಿನೊಳಗೇ, ಬೇರು ಬಿಡುವ ವಿಚಿತ್ರ ಬೀಜ. ಜಪಾನೀಸ್ ಮೇಪಲ್‌ಗೆ 90ರಿಂದ 120 ದಿನ ಇಡಬೇಕು. ಸಿಲ್ವರ್ ಮೇಪಲ್ ಇವೆಲ್ಲಕ್ಕೂ ಅಪವಾದ: ಅದರ ಬೀಜ ವಸಂತದಲ್ಲಿಯೇ ಬಲಿಯುತ್ತದೆ, ಚಳಿಯನ್ನು ಕೇಳುವುದಿಲ್ಲ, ಆದರೆ ಒಣಗಿತೆಂದರೆ ಸತ್ತಂತೆಯೇ. ನಮ್ಮ ಕಿರಾಲ್ಬೋಗಿಯ ಬೀಜದ ಸ್ವಭಾವವೂ ಇದೇ. ಬಿದ್ದ ಕೆಲವೇ ದಿನಗಳಲ್ಲಿ ಬಿತ್ತದಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಪೊಟ್ಟಣದಲ್ಲಿ ಒಣಗಿ ಬಂದ ಸಿಲ್ವರ್ ಮೇಪಲ್ ಬೀಜವನ್ನು ಕೊಳ್ಳಲೇಬಾರದು.

ನನ್ನ ಸಲಹೆ ಕೇಳುವವರಿಗೆ ನಾನು ಹೇಳುವುದು, ಸಾಧ್ಯವಾದರೆ ಹಿಮಾಲಯದ ತಪ್ಪಲಿನ ಏಸರ್ ಒಬ್ಲಾಂಗಮ್ ಜಾತಿಯನ್ನು ಹುಡುಕಿ ಎಂದು. ಅದರ ಎಲೆಗೆ ಕವಲುಗಳಿಲ್ಲ, ಮಾವಿನ ಎಳೆಯ ಎಲೆಯಂತೆ ನೀಳವಾಗಿರುತ್ತದೆ. ನೋಡಿದವರು ಇದು ಮೇಪಲ್ಲೇ ಎಂದು ಕೇಳಿಯಾರು. ಆದರೂ ವರ್ಷದ ಬಹುಪಾಲು ಹಸಿರಾಗಿಯೇ ಉಳಿಯುವ ಆ ಮರ ಕಡಿಮೆ ಎತ್ತರದ ಬೆಟ್ಟಗಳಲ್ಲಿಯೂ ಬೆಳೆಯುವುದರಿಂದ ನಮ್ಮ ಹವೆಗೆ ಉಳಿದವುಗಳಿಗಿಂತ ಹತ್ತಿರ. ಕವಲೆಲೆಯೇ ಬೇಕೆನ್ನುವವರಿಗೆ ಬೊನ್ಸಾಯ್ ಮಾಡುವವರು ಮೆಚ್ಚುವ ಟ್ರೈಡೆಂಟ್ ಮೇಪಲ್, ಇಲ್ಲವೇ ಅಮೆರಿಕದ ದಕ್ಷಿಣದ ಫ್ಲಾರಿಡಾದವರೆಗೂ ಹಬ್ಬಿರುವ ರೆಡ್ ಮೇಪಲ್ ಆಗಬಹುದು.

ಚಳಿಗೆ ಇಡುವ ಮುನ್ನ

ಬಂದ ಬೀಜಗಳಲ್ಲಿ ನಾಲ್ಕೈದನ್ನು ತ್ಯಾಗ ಮಾಡಿ ಅಡ್ಡಕ್ಕೆ ಕತ್ತರಿಸಿ ನೋಡಬೇಕು. ಒಳಗೆ ಹಸಿರು ಅಥವಾ ತಿಳಿಹಳದಿ ಬಣ್ಣದ, ಮಡಚಿಕೊಂಡ, ತೇವವುಳ್ಳ ಭ್ರೂಣ ಕಂಡರೆ ಜೀವವಿದೆ. ಖಾಲಿಯಾಗಿದ್ದರೆ ಅಥವಾ ಕಂದುಪುಡಿ ಮಾತ್ರ ಇದ್ದರೆ ಆ ಕಂತಿನ ಮೇಲೆ ನಾಲ್ಕು ತಿಂಗಳು ವ್ಯರ್ಥ ಮಾಡಬೇಕಾಗಿಲ್ಲ. ಮೇಪಲ್ ಮರ ಖಾಲಿ ಕಾಯಿಗಳನ್ನೂ ಧಾರಾಳವಾಗಿ ಬಿಡುತ್ತದೆ, ಹೊರನೋಟಕ್ಕೆ ಅವೂ ಚೆನ್ನಾಗಿಯೇ ಇರುತ್ತವೆ.

ಉಳಿದವುಗಳ ರೆಕ್ಕೆಯನ್ನು ಕೈಯಲ್ಲಿ ಉಜ್ಜಿ ಮುರಿದು ಹಾಕಬೇಕು. ರೆಕ್ಕೆಯಿಂದ ಬೀಜಕ್ಕೆ ಹಾನಿಯಿಲ್ಲ. ಚೀಲದೊಳಗೆ ಬೂಷ್ಟು ಮೊದಲು ಹಿಡಿಯುವುದು ಅದಕ್ಕೇ ಆದ್ದರಿಂದ ತೆಗೆಯುವುದು. ಬಳಿಕ ಕೈಗೆ ಹಿತವೆನಿಸುವಷ್ಟು, ಸುಮಾರು 40 ಡಿಗ್ರಿಯ, ಬೆಚ್ಚಗಿನ ನೀರಿಗೆ ಹಾಕಿ, ಅದು ತಾನಾಗಿ ಆರಲು ಬಿಟ್ಟು, 24 ಗಂಟೆ ನೆನೆಸಬೇಕು. ಬಹಳ ಒಣಗಿದ ಬೀಜವಾದರೆ ಎರಡು ದಿನ, ನಡುವೆ ನೀರು ಬದಲಿಸಿ. ಮುಳುಗಿದವು ಒಳ್ಳೆಯವು. ತೇಲಿದವುಗಳನ್ನು ಕೂಡಲೇ ಎಸೆಯಬಾರದು, ಸಿಪ್ಪೆಯೊಳಗೆ ಗಾಳಿ ಸಿಕ್ಕಿಕೊಂಡು ಒಳ್ಳೆಯ ಬೀಜವೂ ತೇಲುವುದುಂಟು. ಅವನ್ನು ಬೇರೆ ಚೀಲದಲ್ಲಿ ಇಟ್ಟರೆ ಸಾಕು.

ತೇವ ಹಿಡಿದಿಡಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಹೊಳೆಯ ಮರಳು ಯಾವುದಾದರೂ ಆಗುತ್ತದೆ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಉಳಿದಿರುವುದರಿಂದ ಎರಡು ಮೂರು ಸಲ ನೀರು ಬದಲಿಸಿ ತೊಳೆಯಬೇಕು. ಮರಳಾದರೆ ಕುದಿಯುವ ನೀರು ಹೊಯ್ದು ಆರಿಸಿಕೊಳ್ಳಬೇಕು. ಯಾವುದನ್ನೇ ಬಳಸಿದರೂ ಮುಷ್ಟಿಯಲ್ಲಿ ಬಲವಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ತೊಟ್ಟಿಕ್ಕುವ ಹದ ಇರಬೇಕು. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ನೀರು ಹೆಚ್ಚು ಹಾಕುವುದು. ನೀರು ನಿಂತ ಚೀಲದಲ್ಲಿ ಬೀಜಕ್ಕೆ ಉಸಿರಾಡಲು ಗಾಳಿ ಇರುವುದಿಲ್ಲ, ಚಳಿ ಎಷ್ಟು ಸಿಕ್ಕಿದರೂ ಅದು ಕೊಳೆಯುತ್ತದೆ.

ಒಂದು ಹಿಡಿ ಬೀಜಕ್ಕೆ ಮೂರು ಹಿಡಿ ಕೋಕೋಪೀಟ್ ಸೇರಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒಳಗೆ ಸ್ವಲ್ಪ ಗಾಳಿ ಉಳಿಯುವಂತೆ ಮುಚ್ಚಬೇಕು. ಜಾತಿಯ ಹೆಸರನ್ನೂ ಇಟ್ಟ ತಾರೀಕನ್ನೂ ಅಳಿಸದ ಶಾಯಿಯಲ್ಲಿ ಬರೆಯಬೇಕು. ಚೀಲ ಇಡಬೇಕಾದದ್ದು ತರಕಾರಿ ಡಬ್ಬಿಯಲ್ಲಿ ಅಥವಾ ಕೆಳಗಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗದಂತೆ. ಎಂದಿಗೂ ಮೇಲಿನ ಫ್ರೀಜರಿನಲ್ಲಿ ಅಲ್ಲ, ಏಕೆಂದರೆ ನೆನೆದ ಬೀಜ ಹೆಪ್ಪುಗಟ್ಟಿದರೆ ಒಳಗಿನ ಜೀವಕೋಶಗಳು ಒಡೆಯುತ್ತವೆ. ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಗಟ್ಟಿ ಚೀಲವನ್ನೇ ಕೊಳ್ಳುವುದು ಮೇಲು.

ಆಮೇಲೆ ವಾರಕ್ಕೊಮ್ಮೆ ಚೀಲ ತೆರೆದು ಗಾಳಿಯಾಡಿಸಿ, ಒಳಗಿನದನ್ನು ಅಲುಗಿಸಿ ತಿರುವಿ ಹಾಕುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಬೂಷ್ಟು ಹಿಡಿದ ಬೀಜ ಕಂಡರೆ ಬೆರಳಿನಿಂದ ಒತ್ತಿ ನೋಡಬೇಕು: ಮೆತ್ತಗಿದ್ದರೆ ಎಸೆಯಬೇಕು, ಗಟ್ಟಿಯಾಗಿದ್ದರೆ ತೊಳೆದು ಹೊಸ ಕೋಕೋಪೀಟ್‌ಗೆ ಹಾಕಬಹುದು, ಮೇಲಿನ ಬೂಷ್ಟು ಒಳಗಿನ ಜೀವವನ್ನು ಮುಟ್ಟಿರುವುದಿಲ್ಲ. ಸುಗ್ಗಿಯ ಹುತ್ತರಿ ಹಬ್ಬದ ಹೊತ್ತಿಗೆ ಮನೆಗೆ ನೆಂಟರು ಬಂದು ಫ್ರಿಜ್ಜಿನಲ್ಲಿ ಜಾಗಕ್ಕೆ ತಡಕಾಡುವಾಗ ಈ ಚೀಲ ಹೊರಬಿದ್ದು ಅಲ್ಲೇ ಉಳಿಯದಂತೆ ಮನೆಯವರಿಗೆಲ್ಲ ಹೇಳಿಟ್ಟಿರಬೇಕು. ಚಳಿಯ ನಡುವೆ ಬೀಜ ಒಂದು ವಾರ ಬೆಚ್ಚಗಾದರೆ ಕೆಲವು ಜಾತಿಗಳು ಮತ್ತೆ ಆಳವಾದ ನಿದ್ರೆಗೆ ಜಾರುತ್ತವೆ.

ಎರಡು ತಿಂಗಳು ಕಳೆದ ಮೇಲೆ ವಾರಕ್ಕೆ ಎರಡು ಸಲ ನೋಡಬೇಕು. ಸಿಪ್ಪೆ ಬಿರಿದು ಬಿಳಿಯ ಮೊನೆಯೊಂದು ಇಣುಕಿದರೆ ಅದು ಬೇರು. ಅದು ಅರ್ಧ ಸೆಂಟಿಮೀಟರ್ ಆಗುತ್ತಿದ್ದಂತೆ ಆ ಬೀಜವನ್ನು ತೆಗೆದು ಬಿತ್ತಬೇಕು, ಉಳಿದವುಗಳಿಗಾಗಿ ಕಾಯಬಾರದು. ಎಲ್ಲವೂ ಒಂದೇ ದಿನ ಮೊಳೆಯುವುದಿಲ್ಲ. ಮೂರನೆಯ ವರ್ಷ ನಾನು ಇಟ್ಟ 40 ಬೀಜಗಳಲ್ಲಿ ಮೊದಲನೆಯದು 71ನೆಯ ದಿನ ಬೇರು ತೋರಿತು, ಕೊನೆಯದು 118ನೆಯ ದಿನ. ಒಟ್ಟು ಮೊಳೆತದ್ದು 17. ನಾಲ್ಕು ತಿಂಗಳಾದರೂ ಏನೂ ಕಾಣದಿದ್ದರೆ, ಒತ್ತಿದಾಗ ಬೀಜ ಗಟ್ಟಿಯಾಗಿಯೇ ಇದ್ದರೆ, ಚೀಲವನ್ನು ಎರಡು ತಿಂಗಳು ಅಡುಗೆಮನೆಯ ಕಪಾಟಿನಲ್ಲಿ ತೇವದಲ್ಲಿಯೇ ಇಟ್ಟು ಮತ್ತೊಮ್ಮೆ ಚಳಿಗೆ ಹಾಕಬಹುದು. ಹಳೆಯ, ಗಟ್ಟಿ ಸಿಪ್ಪೆಯ ಬೀಜ ಒಂದು ಬೇಸಿಗೆಯನ್ನೂ ಒಂದು ಚಳಿಗಾಲವನ್ನೂ ಕೇಳುವುದುಂಟು.

ಮಣ್ಣಿಗೆ ಇಳಿಸುವುದು

ಇಲ್ಲಿಂದ ಮುಂದೆ ಕಾಫಿ ನರ್ಸರಿಯ ಅನುಭವವಿದ್ದವರಿಗೆ ಕಲಿಯಬೇಕಾದದ್ದು ಸ್ವಲ್ಪವೇ. ಕಾಫಿ ಸಸಿಗೆ ಬಳಸುವ 9 ಅಂಗುಲ ಉದ್ದ, 6 ಅಂಗುಲ ಅಗಲದ ಪಾಲಿಥಿನ್ ಚೀಲವೇ ಇದಕ್ಕೂ ಸರಿಹೋಗುತ್ತದೆ. ಬೇರು ನೇರ ಕೆಳಗೆ ಇಳಿಯುವುದರಿಂದ ಆಳ ಮುಖ್ಯ. ಮಣ್ಣಿನ ಮಿಶ್ರಣ ಮಾತ್ರ ಬೇರೆ. ಕಾಫಿಗೆ ಕಾಡುಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ಮರಳನ್ನು 6:2:1ರಂತೆ ಬೆರೆಸುತ್ತೇವೆ. ಮೇಪಲ್‌ಗೆ ನಾನು ಮೂರು ಪಾಲು ಕಾಡುಮಣ್ಣು, ಎರಡು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಹಾಕುತ್ತೇನೆ, ನೀರು ಬೇಗ ಬಸಿದುಹೋಗಲೆಂದು. ನಮ್ಮ ಮಣ್ಣಿನ ಹುಳಿ ಗುಣ ಇದಕ್ಕೆ ಒಗ್ಗುತ್ತದೆ, ತೋಟಕ್ಕೆ ಹಾಕುವಂತೆ ಸುಣ್ಣ ಹಾಕುವ ಅಗತ್ಯವಿಲ್ಲ. ಹಸಿ ಸಗಣಿಯನ್ನಂತೂ ಸೇರಿಸಲೇಬಾರದು.

ಚೀಲದ ನಡುವೆ ಕಡ್ಡಿಯಿಂದ ಕುಳಿ ಮಾಡಿ, ಬೇರಿನ ಮೊನೆ ಕೆಳಮುಖವಾಗುವಂತೆ ಬೀಜವನ್ನು ಇಳಿಸಿ, ಮೇಲೆ ಒಂದು ಸೆಂಟಿಮೀಟರ್‌ನಷ್ಟು ಮಣ್ಣು ಸಡಿಲವಾಗಿ ಮುಚ್ಚಬೇಕು. ಬೇರನ್ನು ಬೆರಳಿನಿಂದ ಹಿಡಿಯದೆ ಸಿಪ್ಪೆಯನ್ನು ಹಿಡಿಯಬೇಕು. ಮೊನೆ ಮುರಿದರೆ ಆ ಸಸಿಯ ಕಥೆ ಮುಗಿಯಿತು. ಎರಡು ಮೂರು ವಾರಗಳಲ್ಲಿ ನೀಳವಾದ ಎರಡು ಬೀಜದಳಗಳು ಮೇಲೆ ಬರುತ್ತವೆ. ಅವುಗಳಲ್ಲಿ ಮೇಪಲ್‌ನ ಯಾವ ಹೋಲಿಕೆಯೂ ಇರುವುದಿಲ್ಲ. ಕಳೆಯೆಂದು ಭಾವಿಸಿ ಕಿತ್ತವರು ಇದ್ದಾರೆ. ಆಮೇಲೆ ಬರುವ ಜೋಡಿ ಎಲೆಗಳಲ್ಲಿ ಹಲ್ಲುಗಳೂ ಕವಲುಗಳೂ ನಿಧಾನವಾಗಿ ಮೂಡುತ್ತವೆ.

ಬೆಳಗಿನ ಎರಡು ಮೂರು ಗಂಟೆಯ ಬಿಸಿಲು ಬಿದ್ದು, ಮಧ್ಯಾಹ್ನದ ಹೊತ್ತಿಗೆ ನೆರಳಾಗುವ ಪೂರ್ವದ ಜಗಲಿ ಸಸಿಗೆ ಉತ್ತಮ ಸ್ಥಳ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕುಶಾಲನಗರದ ಒಣ ಬಿಸಿಲಿನಲ್ಲಿ ಮತ್ತು ಗೋಣಿಕೊಪ್ಪಲಿನ ಸೆಕೆಯಲ್ಲಿ ಶೇಕಡ 50ರ ನೆರಳು ಬಲೆ ಕಟ್ಟಲೇಬೇಕು, ಇಲ್ಲದಿದ್ದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಮಡಿಕೇರಿ, ಭಾಗಮಂಡಲದ ಕಡೆ ಅಷ್ಟು ಬೇಕಾಗದು. ಮೇಲ್ಮಣ್ಣು ಒಣಗಿದಾಗ ಮಾತ್ರ, ಅದೂ ಬೆಳಿಗ್ಗೆ, ನೀರು ಕೊಡಬೇಕು. ಸಂಜೆ ನೀರು ಹಾಕಿ ರಾತ್ರಿಯಿಡೀ ತೇವ ನಿಂತರೆ ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ ಕೃಶವಾಗಿ ಸಸಿ ಮಗುಚಿಬೀಳುತ್ತದೆ. ಬುಡ ಕೊಳೆಯುವ ಈ ರೋಗ ಒಂದು ಸಸಿಗೆ ಬಂದರೆ ಅದನ್ನು ಮಣ್ಣುಸಹಿತ ದೂರ ಒಯ್ದು, ಉಳಿದವುಗಳ ನಡುವೆ ಅಂತರ ಹೆಚ್ಚಿಸಿ ಗಾಳಿಯಾಡಿಸಬೇಕು.

ಇಲಿಗಳು ಬಿತ್ತಿದ ಬೀಜವನ್ನು ಅಗೆದು ತಿನ್ನುತ್ತವೆ, ಕೋಳಿಗಳು ಕೆದಕುತ್ತವೆ. ಮೊದಲ ತಿಂಗಳು ಚೀಲಗಳ ಮೇಲೆ ತಂತಿಬಲೆ ಮುಚ್ಚಿದರೆ ಎರಡೂ ನಿಲ್ಲುತ್ತವೆ. ಶನಿವಾರಸಂತೆಯ ಸುತ್ತಮುತ್ತ ತೋಟಗಳನ್ನು ಕಾಡಿರುವ ಆಫ್ರಿಕನ್ ದೈತ್ಯ ಬಸವನಹುಳು ಒಂದೇ ರಾತ್ರಿಯಲ್ಲಿ ಎಳೆಯ ಸಸಿಗಳ ಸಾಲನ್ನೇ ಮುಗಿಸಬಲ್ಲದು. ಅದು ಇರುವ ಕಡೆ ಚೀಲಗಳನ್ನು ನೆಲದ ಮೇಲೆ ಇಡದೆ ಮೇಜಿನ ಮೇಲಿಟ್ಟು, ಸಂಜೆ ಬ್ಯಾಟರಿ ಹಿಡಿದು ಹುಡುಕಿ ಹೆಕ್ಕುವುದೇ ನಂಬಬಹುದಾದ ದಾರಿ.

ಮಳೆಗಾಲ ಮತ್ತು ಮೊದಲ ವರ್ಷ

ಮೇ ಕೊನೆಯ ವಾರದಲ್ಲಿ ಎಲ್ಲ ಚೀಲಗಳನ್ನೂ ಸೂರಿನ ಒಳಗೆ, ಆದರೆ ಬೆಳಕು ಬೀಳುವ ಕಡೆಗೆ ಸರಿಸಬೇಕು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಡಿಕೇರಿಯ ಮಳೆ ಚೀಲದ ಮಣ್ಣನ್ನು ಕೆಸರು ಮಾಡಿ ಬೇರಿನ ಉಸಿರು ಕಟ್ಟಿಸುತ್ತದೆ. ಇಟ್ಟಿಗೆಗಳ ಮೇಲೆ ಹಲಗೆ ಹಾಕಿ ಅದರ ಮೇಲೆ ಚೀಲಗಳನ್ನು ನಿಲ್ಲಿಸಿ, ತಳದ ರಂಧ್ರಗಳು ಮುಚ್ಚಿಲ್ಲವೆಂದು ನೋಡಿಕೊಳ್ಳಬೇಕು. ಈ ಮೂರು ತಿಂಗಳು ಕೈಯಿಂದ ನೀರು ಹಾಕುವ ಸಂದರ್ಭ ವಾರಕ್ಕೊಮ್ಮೆ ಬಂದರೆ ಹೆಚ್ಚು. ಗೊಬ್ಬರ ಬೇಡ. ಸೆಪ್ಟೆಂಬರಿನಲ್ಲಿ ಬಿಸಿಲು ಮರಳಿದ ಮೇಲೆ ತೆಳು ಮಾಡಿದ ಸಗಣಿ ಬಗ್ಗಡವನ್ನು ಎರಡು ಸಲ ಕೊಟ್ಟರೆ ಸಾಕು.

ಡಿಸೆಂಬರಿನಲ್ಲಿ ಕೆಲವು ಸಸಿಗಳ ಎಲೆ ಹಳದಿಯಾಗಿ ಉದುರುತ್ತದೆ, ಕೆಲವುಗಳದು ಉದುರುವುದೇ ಇಲ್ಲ. ಚಿತ್ರಗಳಲ್ಲಿ ಕಾಣುವ ಉರಿಗೆಂಪನ್ನು ಇಲ್ಲಿ ನಿರೀಕ್ಷಿಸಬಾರದು. ಆ ಬಣ್ಣ ಕಟ್ಟಲು ಶುಭ್ರವಾದ ಹಗಲಿನ ಜೊತೆಗೆ ನಮ್ಮಲ್ಲಿಲ್ಲದಷ್ಟು ತಣ್ಣನೆಯ ರಾತ್ರಿಗಳು ಬೇಕು. ಎಲೆ ಉದುರಿದ ಸಸಿ ಸತ್ತಿತೆಂದು ಎಸೆಯದೆ, ಉಗುರಿನಿಂದ ತೊಗಟೆಯನ್ನು ಸ್ವಲ್ಪ ಗೀರಿ ನೋಡಬೇಕು, ಒಳಗೆ ಹಸಿರಿದ್ದರೆ ಅದು ಮಲಗಿದೆಯಷ್ಟೆ. ಮನೆಯ ಅತ್ಯಂತ ತಂಪಾದ ಮೂಲೆ, ಮಂಜು ಬೀಳುವ ಅಂಗಳದ ತುದಿ, ಆ ಎರಡು ತಿಂಗಳು ಅದಕ್ಕೆ ಸೂಕ್ತ. ಹೀಗಿದ್ದೂ ಶುಗರ್ ಮೇಪಲ್‌ನಂಥ ಕಡುಚಳಿಯ ಜಾತಿಗಳು ಸಾಕಷ್ಟು ಚಳಿ ಸಿಗದೆ, ಮರುವರ್ಷ ಮೊಗ್ಗು ಅರಳಿಸಲು ತಡಮಾಡಿ, ವರ್ಷದಿಂದ ವರ್ಷಕ್ಕೆ ಸೊರಗಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಜನವರಿ ಕೊನೆಯಲ್ಲಿ, ಹೊಸ ಮೊಗ್ಗು ಉಬ್ಬುವ ಮುನ್ನ, ಸಸಿಯನ್ನು 12 ಅಂಗುಲದ ಮಣ್ಣಿನ ಕುಂಡಕ್ಕೆ ವರ್ಗಾಯಿಸಬೇಕು, ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಹರಡಬೇಕು. ಅದನ್ನು ಕುಂಡದಲ್ಲಿಯೇ, ಹೆಚ್ಚೆಂದರೆ ಮನೆಯಂಗಳದಲ್ಲಿ ಬೆಳೆಸುವುದು ಸರಿ. ದೇವರಕಾಡಿನ ಅಂಚಿಗಾಗಲಿ ತೊರೆಯ ಬದಿಗಾಗಲಿ ಹೊರನಾಡಿನ ಮರವನ್ನು ಒಯ್ದು ನೆಡಬಾರದು. ಬಾಕ್ಸ್ ಎಲ್ಡರ್, ನಾರ್ವೆ ಮೇಪಲ್ ಎಂಬ ಜಾತಿಗಳು ತಮ್ಮ ನೆಲೆ ಬಿಟ್ಟು ಬೇರೆ ತಂಪು ದೇಶಗಳಲ್ಲಿ ಕಾಡಿನೊಳಗೆ ಹಬ್ಬಿ ತೊಂದರೆ ಕೊಟ್ಟಿವೆ. ಅಲ್ಲಿ ನೆಡಲು ಹೊನ್ನೆ ಇದೆ, ಮತ್ತಿ ಇದೆ, ಕಿರಾಲ್ಬೋಗಿ ಇದೆ, ಮತ್ತು ಅವುಗಳ ಬೀಜಕ್ಕೆ ಫ್ರಿಜ್ ಬೇಕಾಗಿಲ್ಲ.